ಪ್ರಜ್ಞೆಯನ್ನು ಅರಿಯಲು ಕ್ವಾಂಟಮ್ ಭೌತಶಾಸ್ತ್ರ ಓದಲೇ, ವೇದಾಂತ ಓದಲೇ?

ನೋಡುವವರಿದ್ದರೆ ಮಾತ್ರ ಜಗತ್ತು ಇರುತ್ತದೆ ಎಂದು ಕ್ವಾಂಟಮ್ ಪ್ರಯೋಗಗಳು ಸಾಬೀತು ಮಾಡಿವೆ, ಹಾಗಾದರೆ ಬಿಎಸ್ಸಿ ಮುಗಿಸಿ ಎಂಎಸ್ಸಿಗೆ ಸೇರಲೋ ವೇದಾಂತದ ಕಡೆ ಹೊರಳಲೋ ಎಂದು ಕೇಳಿದ್ದೀರಿ. ನಿಮ್ಮ ಮೊದಲ ಮಾತನ್ನೇ ನಾನು ಒಪ್ಪುವುದಿಲ್ಲ. ಯಾವ ಪ್ರಯೋಗವೂ ಅದನ್ನು ಸಾಬೀತು ಮಾಡಿಲ್ಲ. ಮಾಡಿದೆ ಎಂದು ನಂಬಿ ನಾನು ಸಂಶೋಧನೆಯ ಅವಕಾಶವನ್ನೇ ಕಳೆದುಕೊಂಡೆ.

ನಮ್ಮ ಮನೆಯಲ್ಲಿ ಅಜ್ಜನ ಕಾಲದ ವೇದಾಂತ ಗ್ರಂಥಗಳಿದ್ದವು. ದೃಕ್ಕು (ನೋಡುವವನು), ದೃಶ್ಯ (ನೋಡಲ್ಪಡುವುದು), ಸಾಕ್ಷಿ ಎಂಬ ಮಾತುಗಳನ್ನು ಕೇಳುತ್ತಲೇ ಬೆಳೆದವನು ನಾನು. ಬೆಳಕು ಯಾವ ಸೀಳಿನಿಂದ ಬಂತೆಂದು ಪತ್ತೆ ಮಾಡಹೊರಟರೆ ಪರದೆಯ ಪಟ್ಟಿಗಳು ಅಳಿಯುವ ಜೋಡಿ ಸೀಳಿನ ಪ್ರಯೋಗವನ್ನು ಎಂಎಸ್ಸಿಯಲ್ಲಿ ಓದಿದಾಗ, ಯುರೋಪಿನ ವಿಜ್ಞಾನ ಸುತ್ತಿ ಬಳಸಿ ಕೊನೆಗೆ ನಮ್ಮ ಜಗಲಿಗೇ ಬಂದು ಕುಳಿತಿತು ಎನ್ನಿಸಿತು. ಆ ಸಂತೋಷ ಎಂಥದ್ದೆಂದು ನಿಮ್ಮ ಪ್ರಶ್ನೆಯ ಧಾಟಿ ನೋಡಿದರೆ ನಿಮಗೂ ಗೊತ್ತಿದೆ. ಎರಡನೆಯ ವರ್ಷದ ಪ್ರಾಜೆಕ್ಟಿಗೆ ಅದೇ ವಿಷಯ ಆರಿಸಿಕೊಂಡೆ.

ಸಲಕರಣೆ ಸರಳವಾಗಿತ್ತು. ಕೆಂಪು ಲೇಸರ್, ಎರಡು ಸೀಳು, ಪರದೆ. ಪರದೆಯ ಮೇಲೆ ಬೆಳಕು ಕತ್ತಲಿನ ಪಟ್ಟಿಗಳು. ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಪೋಲರಾಯ್ಡ್ ಹಾಳೆಯನ್ನು ಒಂದು ಸೀಳಿನ ಮೇಲೆ ನೆಟ್ಟಗೆ, ಇನ್ನೊಂದರ ಮೇಲೆ ಅಡ್ಡಲಾಗಿ ಇಟ್ಟರೆ ಪಟ್ಟಿಗಳು ಮಾಯ. ಸೀಳುಗಳಿಗೂ ಪರದೆಗೂ ನಡುವೆ 45 ಡಿಗ್ರಿ ಓರೆಯಾಗಿ ಮೂರನೆಯ ಹಾಳೆ ಹಿಡಿದರೆ, ಮಂಕಾಗಿಯಾದರೂ ಪಟ್ಟಿಗಳು ಮತ್ತೆ ಹಾಜರು. ವರದಿಯಲ್ಲಿ ನಾನು ಹೀಗೆ ಬರೆದೆ: ಬೆಳಕು ಯಾವ ಸೀಳಿನಿಂದ ಬಂತೆಂದು ತಿಳಿಯುವ ದಾರಿ ಮನಸ್ಸಿಗೆ ತೆರೆದ ಕೂಡಲೇ ವ್ಯತಿಕರಣ (ಅಲೆಗಳು ಬೆರೆತು ಪಟ್ಟಿ ಮೂಡಿಸುವುದು) ನಿಲ್ಲುತ್ತದೆ, ದಾರಿ ಮುಚ್ಚಿದರೆ ಮರಳುತ್ತದೆ. ಗಣಿತಜ್ಞ ಜಾನ್ ವಾನ್ ನಾಯ್ಮನ್ 1932ರಲ್ಲಿ, ಉಪಕರಣದಿಂದ ಕಣ್ಣಿಗೆ, ಕಣ್ಣಿನಿಂದ ಮೆದುಳಿಗೆ ಸಾಗುವ ಅಳತೆಯ ಸರಪಳಿಯನ್ನು ನೋಡುವವನ ಅನುಭವದವರೆಗೂ ಎಳೆಯಬಹುದೆಂದು ತೋರಿಸಿದ್ದು, ಭೌತವಿಜ್ಞಾನಿ ಯೂಜೀನ್ ವಿಗ್ನರ್ 1961ರಲ್ಲಿ ಹಲವು ಸಾಧ್ಯತೆಗಳಲ್ಲಿ ಒಂದನ್ನು ನಿಶ್ಚಯಿಸುವ ಪಾತ್ರವನ್ನು ಪ್ರಜ್ಞೆಗೇ ಕೊಟ್ಟಿದ್ದು, ಇವುಗಳ ಬಗ್ಗೆ ಪುಟಗಟ್ಟಲೆ ಬರೆದೆ. ಲೆಕ್ಕಕ್ಕೆ ಸಿಕ್ಕಿದ್ದು ಅರ್ಧ ಪುಟ.

ವೈವಾಕ್ಕೆ ಬಂದ ಹೊರಗಿನ ಪರೀಕ್ಷಕರು ವಿಗ್ನರ್ ಬಗ್ಗೆ ಏನೂ ಕೇಳಲಿಲ್ಲ. "ಪರದೆಯ ಮುಂದೆ ಕ್ಯಾಮೆರಾ ಇಟ್ಟು, ಕೋಣೆಗೆ ಬೀಗ ಹಾಕಿ ಹೊರಗೆ ಬಂದರೆ ಪಟ್ಟಿಗಳು ಇರುತ್ತವೆಯೋ ಇಲ್ಲವೋ?" ಎಂದರು. ಚಿತ್ರ ನೋಡುವವರೆಗೆ ಹೇಳಲಾಗದು ಸರ್ ಎಂದೆ. "ಮಾಡಿ ನೋಡಿದ್ದೀರಾ?" ಇಲ್ಲ. "ಹೋಗಲಿ, ಎರಡು ಅಲೆಗಳ ಕಂಪನ ಒಂದಕ್ಕೊಂದು ಲಂಬವಾಗಿದ್ದರೆ ಒಟ್ಟು ತೀವ್ರತೆ ಎಷ್ಟು, ಬರೆಯಿರಿ." ಬರೆಯಲು ಹೊರಟಾಗಲೇ ನನಗೆ ಕಂಡಿತು. ಸಮೀಕರಣದಲ್ಲಿ ಪಟ್ಟಿಗಳನ್ನು ಹುಟ್ಟಿಸುವ ಅಡ್ಡಪದದಲ್ಲಿ ಆ ಎರಡು ದಿಕ್ಕುಗಳ ಅದಿಶ ಗುಣಲಬ್ಧವಿದೆ, ಅಂದರೆ ಅವು ಎಷ್ಟು ಒಂದೇ ಕಡೆ ಇವೆ ಎಂಬ ಲೆಕ್ಕ. ಲಂಬವಾಗಿದ್ದರೆ ಅದು ಸೊನ್ನೆ. ಫ್ರೆಂಚ್ ವಿಜ್ಞಾನಿಗಳಾದ ಫ್ರೆನೆಲ್ ಮತ್ತು ಅರಾಗೋ ಇದನ್ನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲೇ ಪ್ರಯೋಗದಿಂದ ಕಂಡುಕೊಂಡಿದ್ದರು. ಆಗ ಕ್ವಾಂಟಮ್ ಸಿದ್ಧಾಂತವೇ ಹುಟ್ಟಿರಲಿಲ್ಲ.

ನನ್ನ ತಪ್ಪು ಯಾವುದೆಂದು ಬಿಡಿಸಿ ಹೇಳಬೇಕು, ಏಕೆಂದರೆ ನೀವು ಅದೇ ತಪ್ಪಿನ ಅಂಚಿನಲ್ಲಿದ್ದೀರಿ. ವೇದಾಂತವನ್ನು ಪ್ರೀತಿಸಿದ್ದು ತಪ್ಪಲ್ಲ. ವಿಗ್ನರ್ ಅವರನ್ನು ಓದಿದ್ದೂ ತಪ್ಪಲ್ಲ. ಆ ಪ್ರಯೋಗದಲ್ಲಿ ಎರಡು ಸಂಗತಿಗಳಿದ್ದವು: ಹಾಳೆ ಇದೆಯೇ, ನೋಡುವ ಮನುಷ್ಯ ಇದ್ದಾನೆಯೇ. ಹಾಗಾಗಿ ಸಂದರ್ಭಗಳು ನಾಲ್ಕು. ಹಾಳೆ ಇದ್ದು ನಾನಿದ್ದದ್ದು, ಹಾಳೆ ಇಲ್ಲದೆ ನಾನಿದ್ದದ್ದು, ಇವೆರಡನ್ನು ಮಾತ್ರ ಪರೀಕ್ಷಿಸಿದೆ. ನಾನಿಲ್ಲದ ಎರಡು ಸಂದರ್ಭಗಳನ್ನು ಮುಟ್ಟಲೇ ಇಲ್ಲ. ಹಾಳೆಯಿಂದ ಆದ ಬದಲಾವಣೆಯನ್ನು, ಎರಡೂ ಸಲ ಒಂದೇ ರೀತಿ ಅಲ್ಲೇ ನಿಂತಿದ್ದ ನನ್ನ ಮನಸ್ಸಿನ ಲೆಕ್ಕಕ್ಕೆ ಬರೆದೆ. ಗೊಬ್ಬರ ಹಾಕಿದ ಗಿಡದ ಪಕ್ಕ ಹಾಕದ ಗಿಡವನ್ನೂ ಬೆಳೆಸಿ ಹೋಲಿಸಬೇಕೆಂದು ಹೈಸ್ಕೂಲಿನಲ್ಲಿ ಕಲಿಸುತ್ತಾರೆ. ಉತ್ತರ ಮೊದಲೇ ಗೊತ್ತಿದೆ ಎಂಬ ಭರವಸೆಯಲ್ಲಿ ನಾನು ಅಷ್ಟನ್ನೂ ಮಾಡಲಿಲ್ಲ. ಬೆಳಕಿನ ಕಣಗಳಾದ ಫೋಟಾನುಗಳನ್ನು ಒಂದೊಂದಾಗಿ ಕಳುಹಿಸಿದರೂ ಲೆಕ್ಕ ಇದೇ. ಫೋಟಾನಿನ ದಾರಿಗೂ ಅದರ ಧ್ರುವೀಕರಣಕ್ಕೂ (ಕಂಪನದ ದಿಕ್ಕಿಗೂ) ಗಂಟು ಬೀಳುತ್ತದೆ, ಅಡ್ಡಪದ ಸೊನ್ನೆಯಾಗುತ್ತದೆ. ಸಮೀಕರಣದಲ್ಲಿ ಮನಸ್ಸನ್ನು ಸೂಚಿಸುವ ಯಾವ ಚಿಹ್ನೆಯೂ ಇಲ್ಲ.

ಅಂಕ ಕುಸಿಯಿತು. ಮಾರ್ಗದರ್ಶಕರು ಶಿಫಾರಸು ಪತ್ರ ಕೊಡಲು ಒಪ್ಪಲಿಲ್ಲ. ಸಂಶೋಧನೆಗೆ ಸೇರಬೇಕಿದ್ದ ಸಂಸ್ಥೆ ಆ ಪತ್ರವಿಲ್ಲದೆ ಸಂದರ್ಶನಕ್ಕೂ ಕರೆಯಲಿಲ್ಲ. ಕೆಲವು ವರ್ಷ ಟ್ಯೂಷನ್ ಹೇಳಿಕೊಂಡಿದ್ದು, ಈಗ ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೇನೆ.

ಕ್ಯಾಮೆರಾದ ಚಿತ್ರವೂ ನಾವು ನೋಡಿದಾಗಲೇ ನಿಜವಾಗುತ್ತದೆ ಎಂದು ನೀವು ವಾದಿಸಬಹುದು. ನಾನೂ ಬಹಳ ಕಾಲ ಅದನ್ನೇ ಹಿಡಿದುಕೊಂಡಿದ್ದೆ. ಆ ವಾದವನ್ನು ಯಾವ ಚಿತ್ರವೂ ಸುಳ್ಳು ಮಾಡಲಾರದು, ನಿಜ. ಆದರೆ ಪ್ರಯೋಗದಲ್ಲಿ ಏನೇ ಕಂಡರೂ ನಿಲ್ಲುವ ವಾದಕ್ಕೆ ಪ್ರಯೋಗದ ಬೆಂಬಲವಿದೆ ಎನ್ನುವ ಹಕ್ಕು ಇರುವುದಿಲ್ಲ. ವಿಯೆನ್ನಾದಲ್ಲಿ ಆಂಟನ್ ಝೈಲಿಂಗರ್ ಮತ್ತು ಮಾರ್ಕಸ್ ಆರ್ಂಟ್ ಅವರ ತಂಡ 2004ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಓದಿ. 70 ಕಾರ್ಬನ್ ಪರಮಾಣುಗಳ ಅಣುಗಳನ್ನು ಲೇಸರಿನಿಂದ ಕಾಯಿಸಿ ವ್ಯತಿಕರಣಕ್ಕೆ ಬಿಟ್ಟರು. ಬಿಸಿ ಏರಿದಂತೆ ಅಣುಗಳೇ ಬೆಳಕು ಸೂಸತೊಡಗಿದವು, ಪಟ್ಟಿಗಳು ಮಸುಕಾಗುತ್ತ ಹೋದವು. ಆ ಬೆಳಕನ್ನು ಹಿಡಿದು ಅಣುವಿನ ದಾರಿಯನ್ನು ಯಾರೂ ಓದಲಿಲ್ಲ. ದಾರಿಯ ಗುರುತು ಸುತ್ತಲಿನ ಜಗತ್ತಿಗೆ ಸೋರಿಹೋದದ್ದೇ ಸಾಕಾಯಿತು. ಇದನ್ನೇ ಡಿಕೊಹೆರೆನ್ಸ್ ಎನ್ನುತ್ತಾರೆ. ಜರ್ಮನಿಯ ಭೌತವಿಜ್ಞಾನಿ ಡೀಟರ್ ಝೇ 1970ರಲ್ಲಿ ಇದಕ್ಕೆ ಅಡಿಪಾಯ ಹಾಕಿದರು. ಅವರ ಕೆಲಸವನ್ನು ಅರಗಿಸಿಕೊಂಡ ವಿಗ್ನರ್, ಪ್ರಜ್ಞೆಯ ಬಗ್ಗೆ ತಾವು ಹೇಳಿದ್ದನ್ನು ಮುಂದೆ ತಾವೇ ಕೈಬಿಟ್ಟರು. ನನ್ನ ವರದಿಯಲ್ಲಿ 1961ರ ವಿಗ್ನರ್ ಮಾತ್ರ ಇದ್ದರು.

ಹಾಗೆಂದು ಎಲ್ಲವೂ ಬಗೆಹರಿದಿದೆ ಎನ್ನುವವರನ್ನೂ ನಾನು ನಂಬುವುದಿಲ್ಲ. ಪಟ್ಟಿಗಳು ಏಕೆ ಅಳಿಯುತ್ತವೆ ಎಂಬುದನ್ನು ಡಿಕೊಹೆರೆನ್ಸ್ ವಿವರಿಸುತ್ತದೆ. ಹಲವು ಸಾಧ್ಯತೆಗಳಲ್ಲಿ ಒಂದೇ ಒಂದು ನಮ್ಮ ಅನುಭವಕ್ಕೆ ಏಕೆ ಬರುತ್ತದೆ ಎಂಬುದನ್ನು ಅದೊಂದೇ ವಿವರಿಸುವುದಿಲ್ಲ. ಭೌತವಿಜ್ಞಾನಿಗಳಾದ ಬೋಮ್ 1952ರಲ್ಲಿ, ಎವರೆಟ್ 1957ರಲ್ಲಿ ಬೇರೆ ಬೇರೆ ಉತ್ತರ ಕೊಟ್ಟರು. ಜಗಳ ಇನ್ನೂ ನಡೆದಿದೆ. ಈ ಇಬ್ಬರ ಉತ್ತರದಲ್ಲೂ ಪ್ರಜ್ಞೆಗೆ ವಿಶೇಷ ಅಧಿಕಾರವಿಲ್ಲ ಎಂಬುದನ್ನು ಗಮನಿಸಿ. ಭೌತವಿಜ್ಞಾನಿ ಜಾನ್ ಬೆಲ್ 1964ರಲ್ಲಿ ಮಂಡಿಸಿದ ಅಸಮಾನತೆಯನ್ನು, ಅಂದರೆ ದೂರದ ಎರಡು ಕಣಗಳ ಅಳತೆಗಳ ಹೊಂದಾಣಿಕೆಗೆ ಅವರು ಹಾಕಿದ ಮಿತಿಯನ್ನು, ಪ್ರಕೃತಿ ಮುರಿಯುತ್ತದೆ ಎಂದು ತೋರಿಸಿದ್ದಕ್ಕೆ ಕ್ಲೌಸರ್, ಆಸ್ಪೆ ಮತ್ತು ಝೈಲಿಂಗರ್ ಅವರಿಗೆ 2022ರಲ್ಲಿ ನೊಬೆಲ್ ಬಂತು. ಅಳೆಯುವ ಮೊದಲೇ ಎಲ್ಲಕ್ಕೂ ನಿಶ್ಚಿತ ಬೆಲೆಗಳಿವೆ, ಒಂದೆಡೆಯ ಅಳತೆ ದೂರದ ಇನ್ನೊಂದರ ಮೇಲೆ ತಕ್ಷಣ ಪರಿಣಾಮ ಬೀರದು, ಈ ಎರಡೂ ಒಟ್ಟಿಗೆ ನಿಜ ಎಂಬ ಸಹಜ ನಂಬಿಕೆ ಅಲ್ಲಿ ಉಳಿಯುವುದಿಲ್ಲ. ಜಗತ್ತು ಅಷ್ಟು ವಿಚಿತ್ರವಾಗಿದೆ, ನಮ್ಮ ಮನಸ್ಸನ್ನು ಬೆರೆಸದೆಯೇ!

ವೇದಾಂತ ಓದಬೇಕೆಂದರೆ ಖಂಡಿತ ಓದಿ, ಆದರೆ ಎಲೆಕ್ಟ್ರಾನಿನ ಹೆಗಲ ಮೇಲೆ ಅದನ್ನು ಕೂರಿಸಬೇಡಿ. ಹೊಳೆನರಸೀಪುರದ ಸಚ್ಚಿದಾನಂದೇಂದ್ರ ಸರಸ್ವತಿಗಳು ಕನ್ನಡದಲ್ಲೇ ಜೀವಮಾನವಿಡೀ ಬರೆದರು. ಎಚ್ಚರ, ಕನಸು, ಗಾಢನಿದ್ರೆ ಎಂಬ ಮೂರು ಅವಸ್ಥೆಗಳನ್ನು ಒಟ್ಟಿಗೆ ಇಟ್ಟು ವಿಚಾರ ಮಾಡುವುದು ಅವರ ದಾರಿ. ಆ ವಿಚಾರಕ್ಕೆ ಬೇಕಾದುದೆಲ್ಲ ನಿಮ್ಮ ದಿನನಿತ್ಯದ ಅನುಭವದಲ್ಲೇ ಇದೆ, ಪ್ರಯೋಗಾಲಯದ ಸಾಕ್ಷ್ಯ ಬೇಕಿಲ್ಲ. ಕ್ವಾಂಟಮ್ ಸಿದ್ಧಾಂತ ಕಟ್ಟಿದವರಲ್ಲೊಬ್ಬರಾದ ಷ್ರೋಡಿಂಗರ್ ವೇದಾಂತವನ್ನು ಒಪ್ಪಿದ್ದರು ಎಂದು ಎಲ್ಲರೂ ಉದಾಹರಿಸುತ್ತಾರೆ. ಆ ಒಲವನ್ನು ಅವರು ಬರೆದಿಟ್ಟದ್ದು 1925ರಲ್ಲಿ, ತಮ್ಮ ಅಲೆ ಸಮೀಕರಣ ಪ್ರಕಟವಾಗುವ ಮುನ್ನ. ಸಮೀಕರಣದಿಂದ ವೇದಾಂತವನ್ನು ಅವರು ಹಿಂಡಿ ತೆಗೆಯಲಿಲ್ಲ. ಇನ್ನು ದುಡ್ಡು ತೆಗೆದುಕೊಂಡು ಕ್ವಾಂಟಮ್ ಶಕ್ತಿಯಿಂದ ಕಾಯಿಲೆ, ಸಾಲ, ಮದುವೆ ಎಲ್ಲವನ್ನೂ ಸರಿಪಡಿಸುವ ಶಿಬಿರಗಳತ್ತ ತಲೆ ಹಾಕಿಯೂ ಮಲಗಬೇಡಿ.

ಲೆಕ್ಕ ಮಾಡುವುದರಲ್ಲಿ ಸುಖವಿದ್ದರೆ ಎಂಎಸ್ಸಿಗೆ ಸೇರಿ. ಪ್ರಜ್ಞೆಯ ಗುಟ್ಟು ಸಿಗುತ್ತದೆ ಎಂಬ ಆಸೆಯೊಂದೇ ಇದ್ದರೆ ಬೇಡ. ಮೆದುಳಿನ ಅಧ್ಯಯನ ಆ ಪ್ರಶ್ನೆಗೆ ಇದಕ್ಕಿಂತ ಹತ್ತಿರ. ಯಾವುದಕ್ಕೂ ಮೊದಲು ನಾನು ಮಾಡದೆ ಬಿಟ್ಟದ್ದನ್ನು ನೀವು ಮಾಡಿ. ಲೇಸರ್ ಪಾಯಿಂಟರಿನ ಎದುರು ತೆಳು ತಂತಿಯೊಂದನ್ನು ನೆಟ್ಟಗೆ ನಿಲ್ಲಿಸಿದರೆ ಗೋಡೆಯ ಮೇಲೆ ಪಟ್ಟಿಗಳು ಮೂಡುತ್ತವೆ. ತಂತಿಯ ಎಡಕ್ಕೊಂದು, ಬಲಕ್ಕೊಂದು ಪೋಲರಾಯ್ಡ್ ತುಂಡನ್ನು ಒಂದಕ್ಕೊಂದು ಲಂಬವಾಗಿ ಅಂಟಿಸಿ, ಎರಡರಲ್ಲೂ ಸಮನಾಗಿ ಬೆಳಕು ಹಾಯುವವರೆಗೆ ಪಾಯಿಂಟರನ್ನು ತಿರುಗಿಸಿ. ಕಿರಣಕ್ಕೆ ಕಣ್ಣು ಒಡ್ಡಬೇಡಿ. ಮೊಬೈಲಿನ ಕ್ಯಾಮೆರಾಕ್ಕೆ ಟೈಮರ್ ಹಾಕಿ, ನೀವು ಕೋಣೆಯಲ್ಲಿದ್ದಾಗ ಒಂದು ಚಿತ್ರ, ಬಾಗಿಲು ಮುಚ್ಚಿ ಹೊರಗಿದ್ದಾಗ ಇನ್ನೊಂದು ಚಿತ್ರ ತೆಗೆಯಿರಿ. ತುಂಡುಗಳನ್ನು ಕಿತ್ತು ಮತ್ತೆ ಎರಡು ತೆಗೆಯಿರಿ. ನಾಲ್ಕನ್ನೂ ಇಲ್ಲಿ ಹಾಕಿ, ಸೀಟಿನ ಮಾತು ಆಮೇಲೆ ಆಡೋಣ.