ಹಾಳೆ ತಟ್ಟೆಯ ಆದಾಯ ಊರಲ್ಲೇ ಉಳಿಯಬೇಕಾದರೆ

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಮುಳ್ಳೇರಿಯಾ ಸಮೀಪದ ನಾವು ಹನ್ನೊಂದು ಮಂದಿ ಮಹಿಳೆಯರು ಕೇರಳ ಸರಕಾರದ ಮಹಿಳಾ ಸ್ವಸಹಾಯ ಯೋಜನೆಯಾದ ಕುಟುಂಬಶ್ರೀಯ ಘಟಕವಾಗಿ ಮೂರು ವರ್ಷಗಳಿಂದ ಅಡಿಕೆ ಹಾಳೆಯ ತಟ್ಟೆ ತಯಾರಿಸುತ್ತಿದ್ದೇವೆ. ಇದನ್ನು ‘ಸಾಮಾಜಿಕ ಉದ್ಯಮ’ವಾಗಿ ನೋಂದಾಯಿಸಿದರೆ ನಮಗೂ ಊರಿಗೂ ಒಳಿತು ಎಂದು ತರಬೇತಿಗೆ ಬಂದವರು ಹೇಳಿದರು. ಹಾಗೆಂದರೇನು? ನಾವು ಯಾವ ರೂಪವನ್ನು ಆರಿಸಿಕೊಳ್ಳಬೇಕು?

ಉತ್ತರ: ‘ಸಾಮಾಜಿಕ ಉದ್ಯಮ’ ಎಂಬ ಹೆಸರಿನ ಪ್ರತ್ಯೇಕ ಸಂಸ್ಥಾರೂಪ ನಮ್ಮ ಕಾನೂನಿನಲ್ಲಿಲ್ಲ. ಸಹಕಾರ ಸಂಘವಾಗಲಿ, ಉತ್ಪಾದಕರೇ ಒಡೆಯರಾಗಿರುವ ‘ಉತ್ಪಾದಕರ ಕಂಪನಿ’ಯಾಗಲಿ, ಟ್ರಸ್ಟ್ ಆಗಲಿ, ದಾನವನ್ನು ನೆಚ್ಚದೆ ಸರಕು ಮಾರಿಯೇ ಬದುಕುವ, ಮಿಗುವ ಹಣದ ಮೇಲೂ ತೀರ್ಮಾನಗಳ ಮೇಲೂ ಸ್ಥಳೀಯರ ಹಿಡಿತವನ್ನು ಉಳಿಸಿಕೊಂಡ ವ್ಯವಹಾರಕ್ಕೆ ಆ ಹೆಸರು ಒಪ್ಪುತ್ತದೆ. ಆ ಅರ್ಥದಲ್ಲಿ ನೀವು ಈಗಾಗಲೇ ಅರ್ಧ ದಾರಿ ಬಂದಿದ್ದೀರಿ.

ನಮ್ಮ ಕಡೆಯವರಿಗೆ ಇದರ ಉದಾಹರಣೆಯನ್ನು ದೂರ ಹುಡುಕಬೇಕಾಗಿಲ್ಲ. 1970ರ ದಶಕದ ಆರಂಭದಲ್ಲಿ ಅಡಿಕೆ ಧಾರಣೆ ಕುಸಿದಾಗ ಕರ್ನಾಟಕ ಮತ್ತು ಕೇರಳದ ಬೆಳೆಗಾರರು ಸೇರಿ 1973ರಲ್ಲಿ ಕ್ಯಾಂಪ್ಕೊ ಎಂಬ ಸಹಕಾರ ಸಂಸ್ಥೆಯನ್ನು ಕಟ್ಟಿದರು. ಮುಂದೆ ಕೊಕ್ಕೊಗೆ ಖಾಸಗಿ ಕೊಳ್ಳುಗರು ಹಿಂದೆ ಸರಿದಾಗ ಅದನ್ನೂ ಕೊಳ್ಳಲು ತೊಡಗಿದ ಅದೇ ಸಂಸ್ಥೆ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನು ತೆರೆಯಿತು. ಧಾರಣೆ ಬಿದ್ದ ದಿನವೂ ಬೆಳೆಯನ್ನು ತೂಗಿ ಮಾರಲು ಒಂದು ಜಾಗವಿತ್ತು ಎಂಬುದೇ ಆ ಸಂಸ್ಥೆಯಿಂದ ಈ ಪ್ರದೇಶಕ್ಕಾದ ದೊಡ್ಡ ಉಪಕಾರವೆಂದು ನಾನು ತಿಳಿದಿದ್ದೇನೆ.

ನಿಮ್ಮ ಕಸುಬಿನಲ್ಲಿ ಅಂಥ ದಿನ ಬರುವುದು ಮಳೆಗಾಲದಲ್ಲಿ. ಬೇಸಿಗೆಯಲ್ಲಿ ಬಿದ್ದ ಹಾಳೆಯನ್ನು ಒಣಗಿಸಿ, ಮಳೆ ತಾಗದಂತೆ ಪೇರಿಸಿಡದಿದ್ದರೆ ಜೂನ್ ಕಳೆಯುವಷ್ಟರಲ್ಲಿ ಅದಕ್ಕೆ ಬೂಷ್ಟು ಹಿಡಿಯುತ್ತದೆ, ಯಂತ್ರ ಸುಮ್ಮನೆ ನಿಲ್ಲುತ್ತದೆ. ಮೊದಲೇ ಹಾಳೆ ಕೊಂಡಿಡಲು ಕೈಯಲ್ಲಿ ಹಣವಿಲ್ಲದ ಘಟಕ ವ್ಯಾಪಾರಿಯಿಂದ ಮುಂಗಡ ಪಡೆಯುತ್ತದೆ. ಮುಂಗಡ ಕೊಟ್ಟವನು ತಟ್ಟೆಯ ದರವನ್ನೂ ತಾನೇ ಗೊತ್ತುಮಾಡುತ್ತಾನೆ. ಹೀಗೆ ಊರಿನ ಹಾಳೆ, ಊರಿನ ದುಡಿಮೆ ಎರಡರ ಆದಾಯವೂ ಹೊರಗೆ ಹರಿದುಹೋಗುತ್ತದೆ. ಯಂತ್ರಕ್ಕೆ ಸಹಾಯಧನ ಕೊಡಲು ಉತ್ಸಾಹ ತೋರುವವರು ಹಾಳೆ ಇಡುವ ಕೊಟ್ಟಿಗೆಯ ಬಗ್ಗೆ ಕೇಳುವುದು ಅಪರೂಪ. ನನ್ನನ್ನು ಕೇಳಿದರೆ, ಇನ್ನೊಂದು ಯಂತ್ರಕ್ಕಿಂತ ಮೊದಲು ಬೇಕಾದದ್ದು ಒಳ್ಳೆಯ ಮಾಡಿನ ಕೊಟ್ಟಿಗೆ ಮತ್ತು ನಾಲ್ಕು ತಿಂಗಳ ಹಾಳೆಗೆ ಬೇಕಾಗುವ ದುಡಿಯುವ ಬಂಡವಾಳ.

ಹಾಳೆಯನ್ನು ಪೂರ್ತಿ ಕಸವೆಂದು ಎಣಿಸುವುದೂ ಸರಿಯಲ್ಲ. ಅದು ದನಗಳ ಮೇವಾಗುತ್ತದೆ, ತೋಟದ ಬುಡಕ್ಕೆ ಮುಚ್ಚಿಗೆಯಾಗುತ್ತದೆ. ಆದ್ದರಿಂದ ಸುಸ್ಥಿರ ಎಂಬ ಮಾತು ನಿಜವಾಗಬೇಕಾದರೆ ತೋಟದವರಿಗೆ ಹಾಳೆಯ ಬೆಲೆ ನ್ಯಾಯವಾಗಿ ಸಲ್ಲಬೇಕು ಮತ್ತು ಒಂದು ಪಾಲು ತೋಟದಲ್ಲೇ ಉಳಿಯಬೇಕು.

ಮಾರುಕಟ್ಟೆಯ ವಿಷಯದಲ್ಲಿ ಕಾಲ ನಿಮ್ಮ ಪರವಾಗಿದೆ. ತಟ್ಟೆ, ಲೋಟದಂಥ ಏಕಬಳಕೆಯ ಪ್ಲಾಸ್ಟಿಕ್ ವಸ್ತುಗಳನ್ನು ಕೇರಳ 2020ರ ಜನವರಿಯಿಂದಲೂ ಕೇಂದ್ರ ಸರಕಾರ 2022ರ ಜುಲೈಯಿಂದಲೂ ನಿಷೇಧಿಸಿವೆ. ಆದರೆ ರಫ್ತಿನ ಕನಸಿಗೆ ಎಲ್ಲವನ್ನೂ ಒತ್ತೆಯಿಡಬೇಡಿ: ಅಡಿಕೆಯ ಆಲ್ಕಲಾಯ್ಡ್‌ಗಳು (ದೇಹದ ಮೇಲೆ ಪರಿಣಾಮ ಬೀರುವ ಸಸ್ಯಜನ್ಯ ರಾಸಾಯನಿಕಗಳು) ಆಹಾರಕ್ಕೆ ಸೇರಬಹುದೆಂಬ ಕಾರಣ ನೀಡಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2025ರ ಮೇ ತಿಂಗಳಲ್ಲಿ ಹಾಳೆ ತಟ್ಟೆಗಳ ಆಮದಿನ ವಿರುದ್ಧ ಎಚ್ಚರಿಕೆ ಹೊರಡಿಸಿತು. ಅಂಥ ಒಂದು ಆದೇಶಕ್ಕೆ ಹನ್ನೊಂದು ಮನೆಗಳ ಒಲೆ ಆರಬಾರದು. ಮದುವೆ, ಬ್ರಹ್ಮಕಲಶೋತ್ಸವ, ಭೂತಕೋಲದ ಊಟ, ಪಂಚಾಯತ್ ಸಭೆಗಳ ಬೇಡಿಕೆಯನ್ನು ಮೊದಲು ಲೆಕ್ಕ ಹಾಕಿ.

ಇನ್ನು ಸಂಸ್ಥಾರೂಪದ ಪ್ರಶ್ನೆ. ಕಂಪನಿ ಕಾಯ್ದೆಯ 8ನೆಯ ಸೆಕ್ಷನ್ ಪ್ರಕಾರ ನೋಂದಾಯಿಸಿದ ಕಂಪನಿ ಲಾಭವನ್ನು ಸದಸ್ಯರಿಗೆ ಹಂಚುವಂತಿಲ್ಲವಾದ್ದರಿಂದ, ಇದರಲ್ಲೇ ಜೀವನ ಸಾಗಿಸುವ ನಿಮಗೆ ಅದು ಹೊಂದದು. ಬಹುರಾಜ್ಯ ಸಹಕಾರ ಸಂಘಕ್ಕೆ ಪ್ರತಿ ರಾಜ್ಯದಿಂದ ಕನಿಷ್ಠ 50 ಮಂದಿ ಬೇಕು. ಕರ್ನಾಟಕದ ಸುಳ್ಯ, ಪುತ್ತೂರಿನ ಘಟಕಗಳ ಜೊತೆಗೂಡುವ ಕಾಲ ಬಂದಾಗ ಅದನ್ನು ಯೋಚಿಸಬಹುದು. ಸದ್ಯಕ್ಕೆ ಹೊಂದುವುದು ಉತ್ಪಾದಕರ ಕಂಪನಿ. ಹತ್ತು ಮಂದಿ ಉತ್ಪಾದಕರಿದ್ದರೆ ಸಾಕು, ಷೇರು ಎಷ್ಟಿದ್ದರೂ ವ್ಯಕ್ತಿಗೆ ಒಂದೇ ಮತ. ಗುಡಿಕೈಗಾರಿಕೆಯವರಿಗೂ ಕೃಷಿಕರಿಗೂ ಅದರಲ್ಲಿ ಅವಕಾಶವಿರುವುದರಿಂದ ಹಾಳೆ ಕೊಡುವ ತೋಟದವರನ್ನೂ ಸದಸ್ಯರಾಗಿಸಿಕೊಳ್ಳಬಹುದು. ಆದರೆ ವರ್ಷ ವರ್ಷ ಲೆಕ್ಕ ಪರಿಶೋಧನೆ, ವರದಿ ಸಲ್ಲಿಕೆ ಇವುಗಳ ಖರ್ಚು ಬಿಡದು. ನಿಯಮಾವಳಿಯ ಕನ್ನಡ ಪ್ರತಿಯನ್ನು ಸಿದ್ಧಪಡಿಸಿ ಸಭೆಯಲ್ಲಿ ಓದಿಸಿ. ಮಲಯಾಳ, ಇಂಗ್ಲಿಷುಗಳಲ್ಲಿದ್ದ ಕಾಗದಕ್ಕೆ ಅರ್ಥ ತಿಳಿಯದೆ ಸಹಿ ಹಾಕಿದ ಸದಸ್ಯೆಗೆ ಮತವಿದ್ದೂ ಇಲ್ಲದಂತೆ.

ಇದಕ್ಕೆ ಮುನ್ನ ಒಂದು ವರ್ಷದ ಲೆಕ್ಕವನ್ನು ಮತ್ತೆ ಬರೆಯಿರಿ. ಅನೇಕ ಘಟಕಗಳು ಸದಸ್ಯೆಯರ ಸ್ವಂತ ದುಡಿಮೆಯನ್ನು ಖರ್ಚಿಗೆ ಸೇರಿಸದೆ ಉಳಿದದ್ದನ್ನೆಲ್ಲ ಲಾಭವೆನ್ನುತ್ತವೆ. ಪ್ರತಿಯೊಬ್ಬರಿಗೂ ಊರಿನ ಕೂಲಿಯ ದರ ಹಿಡಿದು ಕಳೆದ ಮೇಲೂ ಹಣ ಮಿಕ್ಕರೆ ನೋಂದಣಿಗೆ ಹೊರಡಿ. ಮಿಗದಿದ್ದರೆ ಕುಟುಂಬಶ್ರೀ ಘಟಕವಾಗಿಯೇ ಮುಂದುವರಿದು, ಬರುವ ಮಳೆಗಾಲಕ್ಕೆ ಬೇಕಾದ ಹಾಳೆಯನ್ನು ಮುಂಗಡವಿಲ್ಲದೆ ಸಂಗ್ರಹಿಸಲು ಸಾಧ್ಯವೇ ಎಂದು ಮೊದಲು ನೋಡಿ.