ಸೀಟು ಅಗಲವಿದ್ದರೆ ಆರಾಮವೇ?

ಓದುಗರೊಬ್ಬರ ಪತ್ರ: ಪಾರ್ಶ್ವವಾಯುವಿನಿಂದ ಎಡಭಾಗ ಸೋತಿರುವ ನಮ್ಮ ತಾಯಿಗೆ ಧಾರಾಳವಾಗಿರಲೆಂದು 18 ಇಂಚು ಅಗಲದ ವೀಲ್‌ಚೇರ್ ತಂದೆವು. ಅರ್ಧ ಗಂಟೆಯೊಳಗೆ ಮುಂದಕ್ಕೆ ಜಾರುತ್ತಾರೆ, ಎಡಕ್ಕೆ ವಾಲುತ್ತಾರೆ. ದಪ್ಪ ಕುಷನ್ ಹಾಕಿದರೆ ಸರಿಹೋದೀತೆ?

ಸಂಪಾದಕರ ಉತ್ತರ: ಕುಷನ್ ಆಮೇಲೆ ನೋಡೋಣ, ಮೊದಲು ಟೇಪು ತನ್ನಿ. ತಾಯಿಯವರನ್ನು ಗಟ್ಟಿ ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ, ಒಬ್ಬರು ಹಿಡಿದುಕೊಂಡಿರಲಿ. ಸೊಂಟದ ಎರಡೂ ಬದಿಗೆ ಒಂದೊಂದು ದಪ್ಪ ಪುಸ್ತಕ ಒತ್ತಿ ನಿಲ್ಲಿಸಿ, ನಡುವಿನ ಅಂತರ ಅಳೆಯಿರಿ. ಅದಕ್ಕೆ ಒಂದು ಇಂಚು ಸೇರಿಸಿದರೆ ಸೀಟಿನ ಅಗಲ. ಅಂತರ 15 ಇಂಚು ಬಂದರೆ 16ರ ಸೀಟು ಸಾಕು. 18ರಲ್ಲಿ ಮಿಗುವ ಜಾಗ ಸೋತ ಬದಿಗೆ ವಾಲುವುದಕ್ಕಷ್ಟೇ ಒದಗುತ್ತದೆ.

ಜಾರುವುದಕ್ಕೆ ಕಾರಣ ಹೆಚ್ಚಾಗಿ ಸೀಟಿನ ಆಳ. ಪೃಷ್ಠದ ಹಿಂಬದಿಯಿಂದ ಮಂಡಿಯ ಹಿಂದಿನ ಮಡಿಕೆಯವರೆಗೆ ಅಳೆದು ಎರಡು ಇಂಚು ಕಳೆಯಿರಿ. ಸೀಟು ಇದಕ್ಕಿಂತ ಆಳವಿದ್ದರೆ ಅದರ ಅಂಚು ಮೀನಖಂಡಕ್ಕೆ ಒತ್ತುತ್ತದೆ. ಆ ಒತ್ತು ತಪ್ಪಿಸಿಕೊಳ್ಳಲು ಮೈ ಮುಂದೆ ಸರಿದು, ಭಾರವೆಲ್ಲ ಬೆನ್ನುಮೂಳೆಯ ತುದಿಗೆ ಬೀಳುತ್ತದೆ. ಹುಣ್ಣು ಶುರುವಾಗುವುದು ಅಲ್ಲೇ. ಜಾರದಿರಲೆಂದು ಬೆಲ್ಟು ಬಿಗಿಯುವವರುಂಟು. ಕಾರಣ ಹಾಗೇ ಉಳಿದರೆ ಮೈ ಜಾರಿದಂತೆ ಬೆಲ್ಟು ಹೊಟ್ಟೆಯಿಂದ ಎದೆಗೆ ಏರುತ್ತದೆ, ಅದು ಅಪಾಯ.

ಫುಟ್‌ರೆಸ್ಟ್ ನೋಡಿ. ತೊಡೆ ಸೀಟಿಗೆ ಪೂರ್ತಿ ತಾಗಿರಬೇಕು. ಫುಟ್‌ರೆಸ್ಟ್ ತೀರಾ ಕೆಳಗಿದ್ದರೆ ಪಾದ ಆಸರೆ ಹುಡುಕುತ್ತ ಮೈ ಮತ್ತೆ ಜಾರುತ್ತದೆ. ತೀರಾ ಮೇಲಿದ್ದರೆ ಮಂಡಿ ಎದ್ದು ಭಾರವೆಲ್ಲ ಪೃಷ್ಠದ ಮೂಳೆಗಳ ಮೇಲೆ ಬೀಳುತ್ತದೆ.

ಬಲಗೈ, ಬಲಗಾಲು ಗಟ್ಟಿಯಿದ್ದರೆ ನಿಮ್ಮ ತಾಯಿಯವರು ಕಾಲಿನಿಂದ ನೆಲ ಎಳೆದುಕೊಂಡು ತಾವೇ ಓಡಾಡಬಹುದು. ಬಲಬದಿಯ ಫುಟ್‌ರೆಸ್ಟ್ ಕಳಚಿ; ಹಿಮ್ಮಡಿ ನೆಲಕ್ಕೆ ಊರುವಷ್ಟು ಸೀಟು ತಗ್ಗಿರಲಿ. ದಪ್ಪ ಕುಷನ್ ಕೆಲಸ ಕೆಡಿಸುವುದು ಇಲ್ಲಿಯೇ: ನಾಲ್ಕು ಇಂಚು ಏರಿಸಿದರೆ ಕಾಲು ಎಟುಕದು, ಆರ್ಮ್‌ರೆಸ್ಟ್ ಕೆಳಗಾಗಿ ಸೋತ ಕೈ ಜೋತು ಭುಜ ನೋಯುತ್ತದೆ. ಎರಡು ಇಂಚಿನ ಗಟ್ಟಿ ಫೋಮ್‌ನಿಂದ ಶುರು ಮಾಡಿ. ಬಟ್ಟೆಯ ಸೀಟು ನಡುವೆ ಜೋಲುಬಿದ್ದಿದ್ದರೆ ಕುಷನ್ ಅಡಿಗೆ ಪ್ಲೈವುಡ್ ತುಂಡು ಇಡಿ, ಜರುಗದಂತೆ ಕಟ್ಟಿ. ಅವರು ಕೂತಾಗ ಕುಷನ್ ಕೆಳಗೆ ಅಂಗೈ ಮೇಲಾಗಿ ಕೈ ತೂರಿಸಿ. ಮೂಳೆ ಬೆರಳಿಗೆ ಚುಚ್ಚಿದಂತಾದರೆ ಆ ಫೋಮ್ ಸಾಲದು. ನಡುವೆ ತೂತಿರುವ ಬಳೆಯಾಕಾರದ ಕುಷನ್ ಮಾತ್ರ ಬೇಡ, ಸುತ್ತಲ ಚರ್ಮವನ್ನು ಒತ್ತಿ ರಕ್ತ ತಡೆಯುತ್ತದೆ.

ಅಳತೆಯಲ್ಲಿ ಅಗಲ ಮಾತ್ರ ತಪ್ಪಿದ್ದರೆ ಇಕ್ಕೆಲಗಳಲ್ಲಿ ಗಟ್ಟಿ ಫೋಮ್ ತುಂಬಿ ಸದ್ಯಕ್ಕೆ ನಿಭಾಯಿಸಬಹುದು. ಆಳವೂ ತಪ್ಪಿದ್ದರೆ ಕುರ್ಚಿ ಬದಲಿಸುವುದೇ ಮೇಲು. ಹೊಸದರಲ್ಲಿ ಆರ್ಮ್‌ರೆಸ್ಟ್ ಕಳಚುವಂತಿರಲಿ, ಹಾಸಿಗೆಗೆ ಬಲಬದಿಯಿಂದ ಸರಿಸಲು ಅನುಕೂಲ. ದೊಡ್ಡ ಗಾಲಿಯ ಕುರ್ಚಿಯ ಹೊರಗಲ ಸೀಟಿಗಿಂತ ಸುಮಾರು ಎಂಟು ಇಂಚು ಹೆಚ್ಚಿರುತ್ತದೆ. ಬಚ್ಚಲ ಬಾಗಿಲನ್ನು ಅಳೆದೇ ಕೊಳ್ಳಿ. ಗಾಳಿ ತುಂಬುವ ಟೈರಾದರೆ ಗಾಳಿ ಇಳಿದಾಗ ಬ್ರೇಕು ಹಿಡಿಯುವುದಿಲ್ಲ.

ಮೊದಲ ವಾರ ಎಬ್ಬಿಸಿದಾಗಲೆಲ್ಲ ಕೂರುವ ಭಾಗದ ಚರ್ಮ ನೋಡಿ. ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣದಿರಬಹುದು, ಬಿಸಿ ಅಥವಾ ಗಡಸು ಕೈಗೆ ತಿಳಿಯುತ್ತದೆ. ಅರ್ಧ ಗಂಟೆಯಾದರೂ ಕಲೆ ಮಾಯದಿದ್ದರೆ ಫಿಸಿಯೋಥೆರಪಿಸ್ಟರಿಗೆ ತೋರಿಸಿ.