ಆಸ ರಾಜನಿಗೆ 36ನೇ ವರ್ಷದಲ್ಲಿ ಏನಾಯಿತು?

ಪ್ರಶ್ನೆ: ಅಕ್ಕ, ವಂದನೆಗಳು. 19ನೇ ವಯಸ್ಸಿನಲ್ಲಿ ದೀಕ್ಷಾಸ್ನಾನ ತೆಗೆದುಕೊಂಡೆ. ಈಗ 43. ಆಗೆಲ್ಲ ನಸುಕಿನಲ್ಲೇ ಎದ್ದು ಪ್ರಾರ್ಥನೆಗೆ ಕೂರುತ್ತಿದ್ದೆ, ಕಣ್ಣೀರು ತಾನಾಗಿ ಬರುತ್ತಿತ್ತು. ಈಗ ಎರಡೇ ನಿಮಿಷಕ್ಕೆ ಮುಗಿಯುತ್ತದೆ. ಮನಸ್ಸು ಒಣಗಿದೆ. ಒಂದು ಕಂಪನಿಯಲ್ಲಿ ಲೆಕ್ಕ ನೋಡುವ ಕೆಲಸ ನನ್ನದು. ಹೋದ ವರ್ಷ ಮ್ಯಾನೇಜರ್ ಹೇಳಿದರೆಂದು ಕೆಲವು ಬಿಲ್‌ಗಳಿಗೆ ಹಳೇ ತಾರೀಕು ಹಾಕಿ ಸಹಿ ಮಾಡಿದೆ. ಸಭೆಯ ಗೆಳೆಯನೊಬ್ಬನಿಗೆ ಗೊತ್ತಾಗಿ, "ಇದು ಸರಿಯಾ?" ಎಂದು ಕೇಳಿದ. ಅವನು ಬರುವ ಮನೆ ಪ್ರಾರ್ಥನೆಗೆ ಈಗ ಹೋಗುತ್ತಿಲ್ಲ, ಸಮಯವೂ ಹೊಂದುವುದಿಲ್ಲ. "ಸಾಯುವ ತನಕ ನಂಬಿಗಸ್ತನಾಗಿರು" ಎಂಬ ವಚನ ಓದಿದರೆ ಭಯವಾಗುತ್ತದೆ. ಮೊದಲಿನ ಆ ಉರಿ ಮತ್ತೆ ಬರಲು ಏನು ಮಾಡಬೇಕು? ಕೊನೆ ತನಕ ನಿಲ್ಲಲು ನನ್ನಿಂದ ಆಗುತ್ತದಾ?
— ಹೆಸರು ಬೇಡ ಎಂದ ಓದುಗರು

ಉತ್ತರ: ಅಕ್ಕ ಎಂದು ಕರೆದಿದ್ದೀರಿ, ಹಾಗಾಗಿ ಅಕ್ಕನಂತೆ ನೇರವಾಗಿಯೇ ಹೇಳುತ್ತೇನೆ. ನೀವು ಕೇಳಿದ್ದು ಉರಿಯ ಬಗ್ಗೆ. ನನ್ನ ಕಣ್ಣು ನಿಂತದ್ದು ಮನೆ ಪ್ರಾರ್ಥನೆಯ ಸಾಲಿನಲ್ಲಿ. ಅದನ್ನು ಸುಮ್ನೆ ಹೇಳಿ ಮುಂದೆ ಹೋಗಿಬಿಟ್ಟಿದ್ದೀರಿ.

ಯೆಹೂದದ ರಾಜ ಆಸನ ಕಥೆ ಗೊತ್ತಾ? ಸಂಡೇ ಸ್ಕೂಲ್‌ನಲ್ಲಿ ಇವನ ಪಾಠ ಅಷ್ಟಾಗಿ ಮಾಡುವುದಿಲ್ಲ. ದಾವೀದ, ದಾನಿಯೇಲರಿಗೇ ಸಮಯ ಸಾಲದು. ಆದರೆ ನಡುವಯಸ್ಸು ದಾಟಿದವರು ಓದಬೇಕಾದವನು ಈ ಆಸನೇ. ಸತ್ಯವೇದದ (ಬೈಬಲಿನ) 2 ಪೂರ್ವಕಾಲವೃತ್ತಾಂತದ 14ರಿಂದ 16ನೇ ಅಧ್ಯಾಯದವರೆಗೆ ಇವನದೇ ಸುದ್ದಿ.

ಶುರು ಬಹಳ ಚೆನ್ನಾಗಿತ್ತು. ದೇಶದ ವಿಗ್ರಹಗಳನ್ನು ತೆಗೆಸಿದ. ಕೂಷ್ಯನಾದ ಜೆರಹ ಹತ್ತು ಲಕ್ಷ ಸೈನಿಕರು, 300 ರಥಗಳ ಜೊತೆ ಬಂದಾಗ ದೇವರಿಗೆ ಮೊರೆಯಿಟ್ಟು ಗೆದ್ದ. ತಾಯಿಯ ಸ್ಥಾನದಲ್ಲಿದ್ದ ಮಾಕಳು ಅಶೇರ ದೇವತೆಯ ಮೂರ್ತಿ ಮಾಡಿಸಿದ್ದಕ್ಕೆ ಅವಳ ಪದವಿಯನ್ನೇ ಕಿತ್ತುಕೊಂಡ. ಆ ಮೂರ್ತಿಯನ್ನು ಕಿದ್ರೋನ್ ಹಳ್ಳದ ಹತ್ತಿರ ಸುಡಿಸಿದ. ಮನೆಯವರ ವಿಷಯದಲ್ಲೇ ಇಷ್ಟು ಗಟ್ಟಿಯಾಗಿ ನಿಂತವನು ಇನ್ನೆಲ್ಲಿ ಜಾರುತ್ತಾನೆ ಅನಿಸುತ್ತದೆ, ಅಲ್ವಾ?

ಆಸನ ಆಳ್ವಿಕೆಯ 36ನೇ ವರ್ಷದಲ್ಲಿ ಇಸ್ರಾಯೇಲಿನ ರಾಜ ಬಾಷ ಗಡಿಯ ರಾಮಾ ಊರಿಗೆ ಕೋಟೆ ಕಟ್ಟತೊಡಗಿದ. ಹತ್ತು ಲಕ್ಷದ ಸೈನ್ಯದ ಮುಂದೆ ಇದು ಸಣ್ಣ ತೊಂದರೆಯೇ. ಈ ಸಲ ಆಸ ಪ್ರಾರ್ಥಿಸಲಿಲ್ಲ. ದೇವಾಲಯದ ಬೆಳ್ಳಿ ಬಂಗಾರ ತೆಗೆದು ದಮಸ್ಕದಲ್ಲಿದ್ದ ಅರಾಮ್ಯರ ರಾಜ ಬೆನ್ಹದದನಿಗೆ ಕಳಿಸಿ, ಬಾಷನ ಮೇಲೆ ಬೀಳು ಎಂದ. ಉಪಾಯ ಫಲಿಸಿತು ಕೂಡ. ಬಾಷ ಕೋಟೆ ಕಟ್ಟುವುದನ್ನು ಬಿಟ್ಟು ಹೋದ. ನಿಮ್ಮ ಬಿಲ್‌ಗಳೂ ಪಾಸಾಗಿರಬೇಕು. ಯಾರೂ ಹಿಡಿಯಲಿಲ್ಲ, ಕೆಲಸ ಉಳಿಯಿತು. ತಪ್ಪು ಹೆಜ್ಜೆಗೆ ತಕ್ಷಣ ಏಟು ಬಿದ್ದರೆ ನಾವೆಲ್ಲ ಎಷ್ಟೋ ಚೆನ್ನಾಗಿರುತ್ತಿದ್ದೆವು.

ಆಮೇಲೆ ದೇವರ ಮಾತು ತಿಳಿಸುವ ದರ್ಶಿಯಾದ ಹನಾನಿ ಬಂದು, "ನೀನು ದೇವರನ್ನು ನಂಬದೆ ಅರಾಮ್ಯರ ರಾಜನನ್ನು ನಂಬಿದೆ" ಎಂದು ಮುಖಕ್ಕೇ ಹೇಳಿದ. ಆಸ ಸಿಟ್ಟಾಗಿ ಅವನನ್ನು ಸೆರೆಗೆ ಹಾಕಿಸಿದ. ನನ್ನ ಲೆಕ್ಕದಲ್ಲಿ ಆಸ ಬಿದ್ದದ್ದು ಇಲ್ಲಿ. ಬೆಳ್ಳಿ ಬಂಗಾರ ಕಳಿಸಿದ್ದು ತಪ್ಪೇ, ಆದರೆ ಅಂಥ ತಪ್ಪಿನಿಂದ ತಿರುಗಿ ಬಂದವರಿದ್ದಾರೆ. ದಾವೀದನ ಪಾಪ ಇದಕ್ಕಿಂತ ಘೋರ. ಊರೀಯನ ಹೆಂಡತಿಯನ್ನು ತೆಗೆದುಕೊಂಡು, ಊರೀಯನನ್ನೂ ಕೊಲ್ಲಿಸಿದ. ಆದರೆ ಪ್ರವಾದಿ ನಾತಾನ ಬಂದು "ಆ ಮನುಷ್ಯ ನೀನೇ" ಎಂದಾಗ, "ನಾನು ಪಾಪ ಮಾಡಿದ್ದೇನೆ" ಎಂದ. ನಾತಾನನನ್ನು ಸೆರೆಗೆ ಹಾಕಲಿಲ್ಲ. ಆಸನಿಗೆ ಮೂರು ವರ್ಷದ ಮೇಲೆ ಕಾಲಿಗೆ ಕೆಟ್ಟ ರೋಗ ಬಂತು. ಆಗಲೂ ಅವನು ದೇವರ ಕಡೆ ತಿರುಗಲಿಲ್ಲ. (ವೈದ್ಯರ ಹತ್ತಿರ ಹೋದದ್ದೇ ತಪ್ಪು ಎಂದು ಕೆಲವರು ಬೋಧಿಸುತ್ತಾರೆ. ದಯವಿಟ್ಟು ನಿಮ್ಮ ಮಾತ್ರೆ ನಿಲ್ಲಿಸಬೇಡಿ. ವೈದ್ಯರನ್ನು ಮಾತ್ರ ಹುಡುಕಿದ, ದೇವರನ್ನು ಹುಡುಕಲೇ ಇಲ್ಲ ಎಂಬುದು ಅಲ್ಲಿನ ದೂರು.)

ನಿಮ್ಮ ಹತ್ತಿರ ಸೆರೆಮನೆ ಇಲ್ಲ. ಅದಕ್ಕೇ ಮನೆ ಪ್ರಾರ್ಥನೆಯ ಸಮಯ ಹೊಂದುತ್ತಿಲ್ಲ. ಬಿಲ್‌ಗೆ ಸಹಿ ಹಾಕುವ ಮುಂಚೆ ಅದೇ ಸಮಯ ಹೊಂದುತ್ತಿತ್ತಾ? ನಿಮಗೇ ಗೊತ್ತು.

ಹಾಗಾಗಿ ಈ ವಾರ ಆ ಗೆಳೆಯನ ಮನೆಗೆ ಹೋಗಿ. ಫೋನ್‌ನಲ್ಲಿ ಮೆಸೇಜ್ ಬೇಡ. "ನೀನು ಕೇಳಿದ್ದು ಸರಿ" ಎನ್ನಿ, ಅಷ್ಟು ಸಾಕು. ಬಿಲ್‌ಗಳ ವಿಷಯ ಇದಕ್ಕಿಂತ ಕಷ್ಟ. ಅದನ್ನು ಹಗುರ ಮಾಡಿ ಹೇಳಲಾರೆ. ಇನ್ನು ಮುಂದೆ ಹಳೇ ತಾರೀಕಿನ ಸಹಿ ಆಗುವುದಿಲ್ಲ ಎಂದು ಮ್ಯಾನೇಜರ್‌ಗೆ ಹೇಳಿದರೆ ಕೆಲಸಕ್ಕೆ ಕುತ್ತು ಬರಬಹುದು. ಮನೆಯವರ ಹತ್ತಿರ ಮೊದಲೇ ಮಾತಾಡಿ, ಕಾನೂನು ತಿಳಿದವರೊಬ್ಬರನ್ನೂ ಕೇಳಿ. ಆದರೆ ಆದದ್ದಾಯಿತು ಎಂದು ಹಳೆಯದನ್ನು ಮುಚ್ಚಿಡುವ ಸಲಹೆ ನನ್ನಿಂದ ಬರುವುದಿಲ್ಲ. ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯನು ಕ್ಷಮಿಸು ಎಂದಷ್ಟೇ ಹೇಳಿ ಸುಮ್ಮನಾಗಲಿಲ್ಲ. ಅನ್ಯಾಯವಾಗಿ ತೆಗೆದುಕೊಂಡದ್ದನ್ನು ನಾಲ್ಕರಷ್ಟು ಹಿಂದೆ ಕೊಡುತ್ತೇನೆ ಎಂದ. ಅವನೂ ಲೆಕ್ಕ ಬಲ್ಲವನೇ.

ಉರಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. 19ರ ಕಣ್ಣೀರು 43ಕ್ಕೆ ಬರಲೇಬೇಕು ಎಂದು ಸತ್ಯವೇದದಲ್ಲಿ ಎಲ್ಲೂ ಇಲ್ಲ. 88ನೇ ಕೀರ್ತನೆ ಓದಿ. ಕತ್ತಲೆಯ ಮಾತಿನಲ್ಲೇ ಅದು ಮುಗಿಯುತ್ತದೆ, ಸಮಾಧಾನದ ಸಾಲೊಂದೂ ಕೊನೆಗೆ ಬರುವುದಿಲ್ಲ. ಆದರೂ ಅದು ದೇವರ ಮುಂದೆ ಆಡಿದ ಮಾತೇ. ಒಣ ಪ್ರಾರ್ಥನೆಯೂ ಪ್ರಾರ್ಥನೆಯೇ. ಅಡಗಿಸಿಟ್ಟದ್ದೊಂದು ಇದ್ದಾಗ ಎರಡು ನಿಮಿಷಕ್ಕೆ ಎದ್ದು ಹೋಗಬೇಕು ಅನಿಸುವುದು ಬೇರೆ ವಿಷಯ. ನಿಮ್ಮದು ಇವೆರಡರಲ್ಲಿ ಯಾವುದು ಎಂದು ಗೆಳೆಯನ ಮನೆಯಿಂದ ಬಂದ ಮೇಲೆ ನೋಡಿಕೊಳ್ಳಿ.

ನಿಮ್ಮನ್ನು ಹೆದರಿಸಿದ ವಚನ ಪ್ರಕಟನೆ 2:10, ಸ್ಮುರ್ನ ಸಭೆಗೆ ಬರೆದದ್ದು. ಎರಡನೇ ಶತಮಾನದಲ್ಲಿ ಅದೇ ಊರಿನ ಬಿಷಪ್ ಪೊಲಿಕಾರ್ಪ್ ಅವರನ್ನು ಹಿಡಿದು, ಕ್ರಿಸ್ತನನ್ನು ದೂಷಿಸಿದರೆ ಬಿಡುತ್ತೇವೆ ಎಂದರು. "86 ವರ್ಷ ಆತನ ಸೇವೆ ಮಾಡಿದ್ದೇನೆ, ಆತ ನನಗೆ ಯಾವ ಕೇಡನ್ನೂ ಮಾಡಲಿಲ್ಲ" ಎಂದರು ಮುದುಕರು. ಅವರು ತಮ್ಮ ಗಟ್ಟಿತನದ ಮಾತೇ ಎತ್ತಲಿಲ್ಲ ನೋಡಿ. "ನನ್ನಿಂದ ಆಗುತ್ತದಾ" ಎಂದು ನೀವು ಕೇಳುವುದು ನಿಮ್ಮನ್ನೇ ನೋಡಿಕೊಂಡು. ಅವರು ನೋಡಿದ್ದು ಆತನ ಕಡೆ.

ಪ್ರಶ್ನೆ: ಮಗನಿಗೆ 26 ವರ್ಷ. ಆರಾಧನೆಯಲ್ಲಿ ಗಿಟಾರ್ ನುಡಿಸುತ್ತಿದ್ದ. ಈಗ ಸಭೆಗೇ ಬರುವುದಿಲ್ಲ. ದಿನಾ ಬೆಳಿಗ್ಗೆ ಅವನ ಫೋನಿಗೆ ವಚನ ಕಳಿಸುತ್ತೇನೆ, ಉತ್ತರವಿಲ್ಲ. ಅವನು ದೇಮನ ಹಾಗೆ ಹೋಗಿಬಿಟ್ಟನಾ?
— ಒಬ್ಬ ತಾಯಿ

ಉತ್ತರ: ದೇಮ ಬಿಟ್ಟು ಹೋದ ಸುದ್ದಿ ಬರುವುದು 2 ತಿಮೊಥೆಯ 4:10ರಲ್ಲಿ. ಇಹಲೋಕವನ್ನು ಪ್ರೀತಿಸಿ ನನ್ನನ್ನು ಬಿಟ್ಟು ಹೋದ ಎಂದು ಪೌಲ ಬರೆಯುತ್ತಾನೆ. ಅಲ್ಲಿಗೇ ನಿಲ್ಲಿಸಬೇಡಿ ಅಮ್ಮ, ಮುಂದಿನ ವಚನವನ್ನೂ ಓದಿ. "ಮಾರ್ಕನನ್ನು ಕರೆದುಕೊಂಡು ಬಾ, ಅವನು ಸೇವೆಗೆ ನನಗೆ ಉಪಯುಕ್ತ." ಈ ಮಾರ್ಕನೂ ಒಮ್ಮೆ ಪಂಫುಲ್ಯದಲ್ಲಿ ಕೆಲಸ ಬಿಟ್ಟು ಹೋದವನೇ. ಅವನನ್ನು ಮತ್ತೆ ಸೇರಿಸಿಕೊಳ್ಳಲು ಪೌಲ ಒಪ್ಪಲಿಲ್ಲ. ಆಗ ಪೌಲನ ಜೊತೆಗಾರ ಬಾರ್ನಬ ಅವನನ್ನು ಜೊತೆಗೆ ಕರೆದುಕೊಂಡು ಸೈಪ್ರಸ್‌ಗೆ ಹಡಗು ಹತ್ತಿದ. ನಿಮ್ಮ ಮಗ ಯಾರಂತೆ ಆಗುತ್ತಾನೆ ಎಂದು ನಾನು ಹೇಗೆ ಹೇಳಲಿ? ದೇಮನ ಕಥೆಯೂ ಆಮೇಲೆ ಏನಾಯಿತು ಎಂದು ಸತ್ಯವೇದ ಹೇಳಿಲ್ಲ.

ಬೆಳಗಿನ ವಚನ ಸ್ವಲ್ಪ ದಿನ ನಿಲ್ಲಿಸಿ. ಬಾಕಿ ವಸೂಲಿಗೆ ಬರುವ ನೋಟಿಸ್‌ನಂತೆ ಕಾಣುತ್ತಿರಬಹುದು ಅವನಿಗೆ. ಪ್ರಾರ್ಥನೆ ನಿಲ್ಲಿಸಬೇಡಿ. ಗಿಟಾರ್ ಇನ್ನೂ ನುಡಿಸುತ್ತಾನಾ ಎಂದು ಕೇಳಿ, ಕೇಳಿ ಸುಮ್ಮನಿರಿ. ಸಭೆಗೆ ಯಾಕೆ ಬರುತ್ತಿಲ್ಲ ಎಂದು ಅವನಾಗಿಯೇ ಹೇಳಿದರೆ, ಅಲ್ಲಿ ಯಾರೋ ಮಾಡಿದ ನೋವೂ ಹೊರಗೆ ಬರಬಹುದು. ಆಗ ಸಭೆಯ ಪರ ವಾದ ಮಾಡಲು ಹೋಗಬೇಡಿ.

ಪ್ರಶ್ನೆ: ಒಂದೇ ವರ್ಷದಲ್ಲಿ ಇಡೀ ಸತ್ಯವೇದ ಓದುತ್ತೇನೆ ಎಂದು ತೀರ್ಮಾನಿಸಿದ್ದೆ. ಯಾಜಕಕಾಂಡದ 13ನೇ ಅಧ್ಯಾಯಕ್ಕೆ ನಿಂತುಹೋದೆ. ಇದು ಅವಿಧೇಯತೆಯಾ?
— ಕಾಲೇಜು ವಿದ್ಯಾರ್ಥಿನಿ

ಉತ್ತರ: 66 ಪುಸ್ತಕಗಳಲ್ಲಿ 1,189 ಅಧ್ಯಾಯಗಳಿವೆ. ಒಂದು ವರ್ಷಕ್ಕೆ ಮುಗಿಸಬೇಕಾದರೆ ದಿನಕ್ಕೆ ಮೂರಕ್ಕಿಂತ ಜಾಸ್ತಿ. ಇಷ್ಟು ದಿನದೊಳಗೆ ಮುಗಿಸು ಎಂದು ದೇವರು ಎಲ್ಲೂ ಆಜ್ಞೆ ಕೊಟ್ಟಿಲ್ಲ, ಆ ಗಡುವು ನೀನೇ ಹಾಕಿಕೊಂಡದ್ದು ಮರಿ. ಎರಡು ವರ್ಷ ಮಾಡಿಕೋ. 13ನೇ ಅಧ್ಯಾಯದ ಹೆಚ್ಚಿನ ಭಾಗ ಚರ್ಮರೋಗದ ವಿಷಯ, ಎಷ್ಟೋ ಜನ ಅಲ್ಲೇ ಪುಸ್ತಕ ಮುಚ್ಚುತ್ತಾರೆ. ಇನ್ನು ಆರು ಅಧ್ಯಾಯ ದಾಟಿದರೆ 19:18 ಸಿಗುತ್ತದೆ, "ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸಬೇಕು". ಅದು ಯೇಸು ಹೇಳಿದ ಮಾತು ಎಂದಷ್ಟೇ ಬಹಳ ಜನಕ್ಕೆ ಗೊತ್ತು. ಆತ ಅದನ್ನು ತೆಗೆದುಕೊಂಡದ್ದು ನೀನು ಅರ್ಧಕ್ಕೆ ಬಿಟ್ಟ ಪುಸ್ತಕದಿಂದಲೇ.